ಪುಣೆ, ಹುಬ್ಬಳ್ಳಿ ಮತ್ತು ಚುಚ್ಚುಮದ್ದು

ಪುಣೆಯಲ್ಲಿ ನೆಲಸಿರುವ ಕನ್ನಡಿಗರಾದ ನಾವು ಗಣೇಶಖಿಂಡ ರಸ್ತೆಯಲ್ಲಿ ಆಗಾಗ ಓಡಾಡುವವರು. 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡನಿಗೆ ಗುಂಡು ತಗಲಿದ್ದು ಅಲ್ಲಿಯೇ. ಚಾಪೇಕರ ಸಹೋದರರ ಹೆಸರು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಆ ಮಹಾಮಾರಿಯ ಇತಿಹಾಸದಲ್ಲಿ ನಮ್ಮ ಹುಬ್ಬಳ್ಳಿಗೂ ಒಂದು ಅಧ್ಯಾಯವುಂಟೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು.

ಆಗ ಪುಣೆಯೂ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಕೆಲವೇ ತಿಂಗಳಲ್ಲಿ ಪುಣೆಯನ್ನು ಹೊಕ್ಕಿತು. ಸರಕಾರವು ಮನೆಮನೆಯ ಶೋಧಕ್ಕೆ ಗೋರಾ ಸಿಪಾಯಿಗಳನ್ನು ಕಳಿಸಿತು. ಅಡಿಗೆಮನೆ, ದೇವರಮನೆ ಎನ್ನದೆ ನುಗ್ಗಿದರು. ರೋಗಿಯನ್ನು ಆಸ್ಪತ್ರೆಗೂ ಮನೆಮಂದಿಯನ್ನು ಬೇರೆ ಶಿಬಿರಕ್ಕೂ ಸಾಗಿಸಿದರು. ಜನ ರೋಗದಷ್ಟೇ ಶೋಧಕ್ಕೂ ಹೆದರಿ ರೋಗಿಗಳನ್ನು ಬಚ್ಚಿಡತೊಡಗಿದರು.

ಅದೇ 1897ರ ಜನವರಿ 10ರಂದು ಮುಂಬಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ನರು ತಾವು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ರೋಗ ಉಲ್ಬಣಿಸಿತು. ಇಲಿ ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಆ ಕಾಲದಲ್ಲಿ ಡಾಕ್ಟರ್ ಲ್ಯೂಮನ್‌ರ ನೇತೃತ್ವದಲ್ಲಿ ಕೆಲವೇ ತಿಂಗಳಲ್ಲಿ ಹುಬ್ಬಳ್ಳಿಯ 30 ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚುಮದ್ದಾಯಿತು. ಚುಚ್ಚಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಎರಡು ಗುಂಪಿನಲ್ಲಿಯೂ ಸತ್ತವರೆಷ್ಟು ಎಂಬ ಲೆಕ್ಕವನ್ನೂ ಬರೆದಿಟ್ಟರು. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಗಿತ್ತು. ದಿನವೂ ಲೆಡ್ಜರು ತಿರುವುವ ನಮ್ಮಂಥವರಿಗೆ ಈ ಎರಡು ಕಡೆಯ ಲೆಕ್ಕದ ಬೆಲೆ ಬೇಗ ತಿಳಿಯುತ್ತದೆ.

ಆದರೆ ಖರ್ಚಿನ ಕಡೆಯನ್ನೂ ಮರೆಯಬಾರದು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಈ ಚುಚ್ಚುಮದ್ದು ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಒಂದೇ ಸೀಸೆಯ ಮದ್ದು ಹೋಗಿತ್ತು. ತಪ್ಪನ್ನು ಹಾಫ್‌ಕಿನ್ನರ ತಲೆಗೆ ಕಟ್ಟಲಾಯಿತು. ಅವರು ನಿರ್ದೋಷಿಯೆಂದು ಸಾಬೀತಾಗುವಾಗ 1907 ಬಂದಿತ್ತು. ಅಷ್ಟರಲ್ಲಿ ಲಸಿಕೆಯ ಮೇಲಿನ ಜನರ ನಂಬಿಕೆ ಕುಗ್ಗಿತ್ತು.

ಪ್ಲೇಗು ಊರನ್ನೇ ಬರಿದು ಮಾಡುವ ರೋಗ. ಅಲ್ಲಿ ನಿರ್ಣಯ ಸುಲಭ. ಸಾವಿರಾರು ಮಕ್ಕಳಲ್ಲಿ ಎಲ್ಲೋ ಒಂದಕ್ಕೆ ಬರುವ, ಬಂದರೆ ಒಂದೆರಡು ದಿನಗಳಲ್ಲೇ ಪ್ರಾಣ ಒಯ್ಯಬಲ್ಲ ರೋಗಕ್ಕೆ ಏನು ಮಾಡಬೇಕು? ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಮಿದುಳಿನ ಪೊರೆಯ ಉರಿಯೂತ ಅಂಥದು. ಚಿಕಿತ್ಸೆಯಿದ್ದರೂ ಹತ್ತರಲ್ಲಿ ಸುಮಾರು ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲಿಯೂ ಕೆಲವರಿಗೆ ಕಿವುಡು ಮುಂತಾದ ಊನ ತಪ್ಪದು. ಆಫ್ರಿಕಾದಲ್ಲಿ ಅದು ಮತ್ತೆಮತ್ತೆ ಸಾಂಕ್ರಾಮಿಕವಾಗಿ ಹಬ್ಬುತ್ತಿದ್ದುದರಿಂದ ಎಲ್ಲರಿಗೂ ಲಸಿಕೆ ಕೊಡುವ ನಿರ್ಧಾರವಾಯಿತು. ಅದಕ್ಕಾಗಿ ಅರ್ಧ ಡಾಲರಿಗಿಂತ ಕಡಿಮೆ ಬೆಲೆಯ ಲಸಿಕೆ ತಯಾರಾದದ್ದು ನಮ್ಮ ಪುಣೆಯಲ್ಲಿ, ಹಡಪಸರದ ಸೀರಮ್ ಇನ್‌ಸ್ಟಿಟ್ಯೂಟಿನಲ್ಲಿ. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಆರಂಭವಾಗಿ 30 ಕೋಟಿಗೂ ಹೆಚ್ಚು ಜನರಿಗೆ ಅದು ತಲಪಿತು. ‘ಎ’ ಜಾತಿಯ ಆ ರೋಗ ಅಲ್ಲಿ ಬಹುಮಟ್ಟಿಗೆ ಮಾಯವಾಯಿತು.

ನಮ್ಮ ದೇಶದಲ್ಲಿ ಈ ರೋಗ ವಿರಳ. 1966, 1985 ಮತ್ತು 2005ರಲ್ಲಿ ದಿಲ್ಲಿಯಲ್ಲಿ ಅದು ಹಬ್ಬಿತ್ತು. ಹಜ್ ಯಾತ್ರಿಕರಿಗೆ ಲಸಿಕೆ ಕಡ್ಡಾಯವಾದರೂ ಎಲ್ಲ ಮಕ್ಕಳಿಗೆ ಉಚಿತವಾಗಿ ಹಾಕುವ ಪಟ್ಟಿಯಲ್ಲಿ ಅದಿಲ್ಲ. ಖಾಸಗಿ ವೈದ್ಯರಲ್ಲಿ ದುಡ್ಡು ತೆತ್ತು ಹಾಕಿಸಬಹುದು. ‘ಹಾಕಿಸೋಣವೇ?’ ಎಂದು ತಂದೆತಾಯಿಗಳು ಕೈಯಲ್ಲಿ ಚೀಟಿ ಹಿಡಿದು ಯೋಚಿಸುತ್ತಾರೆ. ಒಂದೇ ಹಣದಲ್ಲಿ ಹೆಚ್ಚು ಮಕ್ಕಳನ್ನು ಉಳಿಸುವ ಬೇರೆ ಲಸಿಕೆಗಳಿರುವಾಗ ಸರಕಾರ ತಡೆಯುವುದು ತಪ್ಪೆನ್ನಲಾರೆವು. ಆದರೆ ಮಗುವನ್ನು ಕಳೆದುಕೊಂಡ ಮನೆಗೆ ‘ವಿರಳ’ವೆಂಬ ಮಾತಿನಿಂದ ಸಮಾಧಾನವಾಗದು.

ಇಂಥ ಲೆಕ್ಕ ಮಾಡಿ ಕೇಂದ್ರ ಸರಕಾರಕ್ಕೆ ಸಲಹೆ ಕೊಡಲು 2001ರಿಂದ ತಜ್ಞರ ಸಮಿತಿಯೊಂದಿದೆ. ಅದರ ಲೆಕ್ಕವು ಜನಸಾಮಾನ್ಯರಿಗೂ ಅರ್ಥವಾಗುವಂತೆ ಜನರ ಮುಂದಿರಬೇಕು. ರೋಗ ಎಷ್ಟಿದೆಯೆಂದು ಎಣಿಸುವ ಕೆಲಸ ಎಲ್ಲ ಜಿಲ್ಲೆಗಳಲ್ಲಿಯೂ ನಡೆಯಬೇಕು. ಎಣಿಸದ ರೋಗ ಯಾವಾಗಲೂ ವಿರಳವಾಗಿಯೇ ಕಾಣುತ್ತದೆ. ಬಲವಂತದಿಂದ ಏನಾಗುತ್ತದೆಂಬುದನ್ನು ಪುಣೆ ಕಲಿಸಿತು. ಎಣಿಕೆಯಿಂದ ಏನಾಗುತ್ತದೆಂಬುದನ್ನು ಹುಬ್ಬಳ್ಳಿ ತೋರಿಸಿತು. ಎರಡೂ ಊರುಗಳ ಋಣ ಹೊತ್ತ ನಾವು ಈ ಎರಡು ಪಾಠಗಳನ್ನೂ ಮಕ್ಕಳಿಗೆ ಹೇಳಿಕೊಡೋಣ.