ಪ್ರಾಸ್ಟೇಟ್ ಕ್ಯಾನ್ಸರಿನ ಹಂತನಿರ್ಣಯದಲ್ಲಿ ಎಂಆರ್‌ಐ

ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಮುನ್ನ, ಗಡ್ಡೆಯು ಗ್ರಂಥಿಯೊಳಗೇ ಇದೆಯೇ ಅಥವಾ ಹೊರಗೆ ಹಬ್ಬಿದೆಯೇ ಎಂಬುದನ್ನು ಅರಿಯಲು ಎಂಆರ್‌ಐ ಸ್ಕ್ಯಾನ್ ಬಳಸಲಾಗುತ್ತದೆ. ಇದರಲ್ಲಿ ಕ್ಷ-ಕಿರಣಗಳ ಬಳಕೆಯಿಲ್ಲ. ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳಿಂದ ಚಿತ್ರ ಮೂಡುತ್ತದೆ.

ಹಂತಗಳು

ಗ್ರಂಥಿಗೆ ಸೀಮಿತವಾದ ಗಡ್ಡೆ ಟಿ2. ಹೊದಿಕೆಯನ್ನು ದಾಟಿದರೆ ಟಿ3ಎ, ವೀರ್ಯಕೋಶಕ್ಕೆ ಹಬ್ಬಿದರೆ ಟಿ3ಬಿ, ಗುದನಾಳದಂತಹ ನೆರೆಯ ಅಂಗಗಳನ್ನು ಆಕ್ರಮಿಸಿದರೆ ಟಿ4. ಗ್ರಂಥಿಯ ಪಕ್ಕದ, ಲೈಂಗಿಕ ಸಾಮರ್ಥ್ಯಕ್ಕೆ ಬೇಕಾದ ನರಗಳನ್ನು ಉಳಿಸಬಹುದೇ ಎಂಬ ನಿರ್ಧಾರಕ್ಕೆ ಈ ವಿವರ ನೆರವಾಗುತ್ತದೆ.

ಮಿತಿಗಳು

ಸೂಕ್ಷ್ಮವಾದ ಹಬ್ಬುವಿಕೆ ಚಿತ್ರದಲ್ಲಿ ಕಾಣದಿರಬಹುದು. ಬಯಾಪ್ಸಿಯಿಂದಾದ ರಕ್ತಸ್ರಾವವೂ ಗಡ್ಡೆಯಂತೆ ತೋರಬಹುದು. ಆದ್ದರಿಂದ ಬಯಾಪ್ಸಿಗೆ ಮೊದಲೇ, ಇಲ್ಲವೇ ಸುಮಾರು 6 ವಾರಗಳ ಬಳಿಕ ಸ್ಕ್ಯಾನ್ ಮಾಡುವುದು ವಾಡಿಕೆ.

ಚಿಕ್ಕಮಗಳೂರು ಜಿಲ್ಲೆ

ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಬೆಂಗಳೂರಿನೊಡನೆ ರೈಲು ಸಂಪರ್ಕವಿದೆ. ಅಲ್ಲಿನ ಸರ್ಕಾರಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಸ್ಥಾಪನೆಯಾಯಿತು. ದೂರದಿಂದ ಬರುವ ರೋಗಿಯು ಪಿಎಸ್‌ಎ ಹಾಗೂ ಬಯಾಪ್ಸಿ ವರದಿಗಳನ್ನು ಜೊತೆಗೊಯ್ಯಬೇಕು. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು.