ರಸೆಲ್ಲನೂ ಕೊಳಕುಮಂಡಲವೂ



ನಗರವಾಸಿಗಳಾದ ನಮಗೆ ಹಾವೆಂದರೆ ಹಾವಾಡಿಗನ ಬುಟ್ಟಿ, ಇಲಿಯೆಂದರೆ ಉಗ್ರಾಣದ ಉಪದ್ರವ. ಬೇಸಾಯಗಾರನಿಗಾದರೋ ಇವೆರಡೂ ಒಂದೇ ಕಥೆ. ಕಣಜಕ್ಕೆ ಕಾಳು ಬಂದೊಡನೆ ಇಲಿ ಬರುತ್ತದೆ. ಇಲಿಯ ಬೆನ್ನು ಹತ್ತಿ ಹಾವು ಬರುತ್ತದೆ. ಈ ಕಥೆಯ ಎರಡು ತುದಿಗಳನ್ನೂ ಕಂಡು, ನಡುವಣ ಎಳೆಯನ್ನು ಮಾತ್ರ ಕಾಣದೆ ಹೋದ ವಿದ್ವಾಂಸನೊಬ್ಬನ ವೃತ್ತಾಂತವನ್ನು ಈಗ ನಿವೇದಿಸುತ್ತೇನೆ.

ಪ್ಯಾಟ್ರಿಕ್ ರಸೆಲ್ ಸ್ಕಾಟ್ಲೆಂಡಿನ ವೈದ್ಯ. 1760ರ ಸುಮಾರಿನಲ್ಲಿ ಸಿರಿಯಾ ದೇಶದ ಅಲೆಪ್ಪೊ ನಗರವನ್ನು ಪ್ಲೇಗು ಮುತ್ತಿದಾಗ ಆತನು ಅಲ್ಲಿಯೇ ನಿಂತು ರೋಗಿಗಳನ್ನು ನೋಡಿದನು; 1791ರಲ್ಲಿ ಆ ವ್ಯಾಧಿಯ ವಿಷಯವಾಗಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಅದಕ್ಕೆ ಮುನ್ನ, 1781ರಲ್ಲಿ, ತಮ್ಮನೊಡನೆ ಭಾರತಕ್ಕೆ ಬಂದು ವಿಶಾಖಪಟ್ಟಣದಲ್ಲಿ ನೆಲಸಿದ್ದನು. 1785ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪ್ರಕೃತಿಶಾಸ್ತ್ರಜ್ಞನಾಗಿ ನಿಯುಕ್ತನಾದನು.

ಹಾವು ಕಚ್ಚಿ ಸಾಯುವವರ ಸಂಕಟ ಆತನ ಮನಸ್ಸನ್ನು ಕಲಕಿತು. ವಿಷದ ಹಾವು ಯಾವುದು, ಸಾಧುವಾದ ಹಾವು ಯಾವುದು ಎಂಬುದನ್ನು ಸಾಮಾನ್ಯ ಜನರೂ ತಿಳಿಯುವಂತಾಗಬೇಕೆಂಬುದು ಆತನ ಹಂಬಲ. ಹಾವುಗಳನ್ನು ಸಂಗ್ರಹಿಸಿ, ನಾಡಿನ ಜನ ಹೇಳುವ ತೆಲುಗು ಹೆಸರುಗಳನ್ನೂ ಬರೆದುಕೊಂಡನು. ಆ ಕಾಲದಲ್ಲಿ ತಂಜಾವೂರಿನ ಗುಳಿಗೆ ಬಲು ಪ್ರಸಿದ್ಧವಾದ ವಿಷಹಾರಿ. ರಸೆಲ್ಲನು ಪರೀಕ್ಷಿಸಿ ನೋಡಿದಾಗ ಪ್ರಯೋಜನ ಕಾಣಲಿಲ್ಲ. ಪ್ರಸಿದ್ಧಿಗೆ ಮಣಿಯದ ಈ ಗುಣ ವೈದ್ಯನಿಗೆ ಭೂಷಣವೆಂದೇ ನನ್ನ ಅಭಿಪ್ರಾಯ. ಆದರೆ ಹೊರಗಿನಿಂದಲೇ ವಿಷವನ್ನು ತಿಳಿಸುವ ಸುಲಭವಾದ ಗುರುತೊಂದು ಆತನಿಗೆ ಕಡೆಗೂ ದೊರೆಯಲಿಲ್ಲ. 1796ರಲ್ಲಿ ಆತನ ಸರ್ಪಗ್ರಂಥ ಹೊರಬಂದಿತು. ಮರುವರ್ಷವೇ ನಮ್ಮ ಕೊಳಕುಮಂಡಲಕ್ಕೆ ಶಾಸ್ತ್ರಜ್ಞರು ಆತನ ಹೆಸರನ್ನಿಟ್ಟರು.

ಪ್ಲೇಗಿಗೂ ಇಲಿಗೂ ಇರುವ ನಂಟು ಆತನ ಕಾಲದವರಿಗೆ ತಿಳಿದಿರಲಿಲ್ಲ. 1805ರಲ್ಲಿ ಆತನು ತೀರಿಕೊಂಡ ಮೇಲೆ ತೊಂಬತ್ತಕ್ಕೂ ಹೆಚ್ಚು ವರ್ಷ ಕಳೆದು, 1898ರಲ್ಲಿ, ಕರಾಚಿಯಲ್ಲಿದ್ದ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯ ಮೈಮೇಲಣ ಚಿಗಟವೇ ರೋಗವನ್ನು ಒಯ್ಯುವುದೆಂದು ತೋರಿಸಿದನು. ಅದೇ ವರ್ಷ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಬಯಲಿನ ಗುಡಿಸಲುಗಳಿಗೆ ತೆರಳುತ್ತಿದ್ದ ದಿನಗಳವು.

ಹೊಲಗದ್ದೆಗಳಲ್ಲಿ ಇಲಿಯನ್ನು ಹಿಡಿದು ತಿನ್ನುವುದರಲ್ಲಿ ಕೇರೆಹಾವಿಗೆ ಸಮನಾದುದು ವಿರಳ. ಅದಕ್ಕೆ ವಿಷವಿಲ್ಲ. ಆದರೂ ನಾಗರವೆಂದು ಭ್ರಮಿಸಿ ಅದನ್ನು ಬಡಿಯುತ್ತಾರೆ. ಬೆನ್ನಿನ ಮೇಲೆ ಸರಪಣಿಯಂತೆ ಕಂದುಮಚ್ಚೆಗಳುಳ್ಳ ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ಬಗೆದು ಕೈಯಿಂದ ಎತ್ತಿದವರೂ ಉಂಟು. ತಿದಿಯೊತ್ತಿದಂತೆ ಅದು ಬುಸುಗುಟ್ಟುವುದನ್ನು ಒಮ್ಮೆ ಕೇಳಿದವನಿಗೆ ಬೇರೆ ಗುರುತು ಬೇಕಾಗದು. ಕತ್ತಲೆಯಲ್ಲಿ ಗದ್ದೆಯ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆಯುವವನಿಗೆ ಆ ಸದ್ದು ಕೇಳಿಸುವ ಮೊದಲೇ ಅದು ಕಚ್ಚಿರುತ್ತದೆ.