ಹುಳುಮನೆಯ ಆಚಾರವೂ ಹೊಸ ವಿಜ್ಞಾನವೂ

1925ರಲ್ಲಿ ಅಮೆರಿಕದ ಟೆನೆಸ್ಸೀ ಸಂಸ್ಥಾನದ ಡೇಟನ್ ಎಂಬ ಸಣ್ಣ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ಉಪಾಧ್ಯಾಯನು, ವಿಕಾಸವಾದವನ್ನು ಬೋಧಿಸಿದನೆಂಬ ಆಪಾದನೆಯ ಮೇಲೆ ವಿಚಾರಣೆಗೊಳಗಾಗಿ 100 ಡಾಲರ್ ದಂಡಕ್ಕೆ ಗುರಿಯಾದನು. ಹಳೆಯ ನಂಬಿಕೆಗೂ ಹೊಸ ವಿಜ್ಞಾನಕ್ಕೂ ನಡೆದ ಘರ್ಷಣೆಯೆಂದೊಡನೆ ನಮ್ಮ ವಿದ್ಯಾರ್ಥಿಗಳು ಈ ಮೊಕದ್ದಮೆಯನ್ನೇ ಉದಾಹರಿಸುವರು. ಅದೇ ಕಾಲದಲ್ಲಿ ಬೆಂಗಳೂರು-ಮೈಸೂರು ರೈಲುದಾರಿಯ ಆಚೀಚೆಗಿದ್ದ ನಾಲ್ಕು ಸೀಮೆಗಳಲ್ಲಿ, ಎಂದರೆ ಆಗ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರ, ಕಾನಕಾನಹಳ್ಳಿಯೆನಿಸಿದ್ದ ಕನಕಪುರ, ಚನ್ನಪಟ್ಟಣ ಮತ್ತು ಮಾಗಡಿಗಳಲ್ಲಿ, ಅಂಥದೇ ಘರ್ಷಣೆಯೊಂದು ನ್ಯಾಯಾಲಯದ ಗದ್ದಲವಿಲ್ಲದೆ ರೇಷ್ಮೆಹುಳುವಿನ ತಟ್ಟೆಗಳ ನಡುವೆ ನಡೆದಿತ್ತು.

ಮೈಸೂರಿನಲ್ಲಿ ಗದ್ದಲದ ಪ್ರಸಂಗಗಳೂ ಇಲ್ಲದಿರಲಿಲ್ಲ. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ವಿವಾಹವನ್ನೂ, ಐವತ್ತು ಮೀರಿದವನು ಹದಿನಾಲ್ಕರೊಳಗಿನ ಬಾಲೆಯನ್ನು ವರಿಸುವುದನ್ನೂ ನಿಷೇಧಿಸಿದ 1894ರ ಕಾನೂನು ಈಗ ನಮಗೆ ಅತ್ಯಲ್ಪವಾಗಿ ತೋರಿದರೂ, ಅಂದು ಪ್ರಜಾಪ್ರತಿನಿಧಿ ಸಭೆಯಲ್ಲಿಯೇ ತೀವ್ರ ವಿರೋಧವನ್ನು ಎದುರಿಸಿತು. ಮದುವೆಯ ವಿಷಯದಲ್ಲಿ ಸರ್ಕಾರ ಕೈಹಾಕುವುದು ಧರ್ಮಕ್ಕೆ ಅಡ್ಡಬಂದಂತೆ ಎಂಬುದೇ ಆಕ್ಷೇಪಣೆಯ ತಿರುಳು.

ರೇಷ್ಮೆಯ ಕಥೆ ಬೇರೆ. 1913ರಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಸರ್ಕಾರವು ಕರೆಸಿಕೊಂಡಿತು. 1914ರಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವು ಆರಂಭವಾಯಿತು. ಬೆಳೆಯನ್ನು ಹಾಳುಮಾಡುತ್ತಿದ್ದ ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದೆಂದು ಫ್ರಾನ್ಸಿನ ಲೂಯಿ ಪಾಶ್ಚರನು 1865ರಿಂದ ನಡೆಸಿದ ಸಂಶೋಧನೆಯಿಂದ ತಿಳಿದಿತ್ತು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುವುದು ಅವನ ವಿಧಾನ. ನಮ್ಮ ರೈತನಾದರೋ ಮಾಗಡಿ, ಕುಣಿಗಲ್ ಸೀಮೆಯ ಬಿತ್ತನೆಗೂಡನ್ನು ಕಣ್ಣಿನಿಂದ ನೋಡಿ, ಕೈಯಿಂದ ತೂಗಿ, ಕೊಡುವವನ ಮಾತನ್ನು ನಂಬಿ ತರುತ್ತಿದ್ದವನು. ನಾಲ್ಕು ಜ್ವರ ದಾಟಿ ಹುಳು ಹಣ್ಣಾಗಿ ಚಂದ್ರಿಕೆ ಏರುವವರೆಗಿನ ಸುಮಾರು ಒಂದು ತಿಂಗಳ ದುಡಿಮೆ, ಸಾಲಕ್ಕೆ ಕೊಟ್ಟ ಮಾತು, ಎಲ್ಲವೂ ಈ ನಂಬಿಕೆಯ ಮೇಲೆ ನಿಂತಿದ್ದವು. ಕಣ್ಣಿಗೆ ಕಾಣದ ರೋಗಾಣುವಿನ ಸಲುವಾಗಿ ಚೆನ್ನಾಗಿ ಕಾಣುವ ಮೊಟ್ಟೆಯನ್ನು ಸುಡಬೇಕೆಂದರೆ ಅವನು ಹಿಂಜರಿದನು. ಇಲಾಖೆಯ ಕಾಗದಪತ್ರಗಳನ್ನೇ ನೆಚ್ಚಿದ ಇತಿಹಾಸಕಾರನು ಇದನ್ನು ಮೌಢ್ಯವೆಂದಾನು, ನಾವು ಹಾಗೆನ್ನಲಾರೆವು. ಪ್ರಯೋಗ ವಿಫಲವಾದರೆ ನಷ್ಟ ತಜ್ಞನದಲ್ಲ, ರೈತನದು.

ಇನ್ನೊಂದು ತೊಡಕು ಧರ್ಮದ್ದು. ನೂಲು ತೆಗೆಯಬೇಕಾದರೆ ಗೂಡಿನೊಳಗಿನ ಜೀವವನ್ನು ಕೊಲ್ಲಬೇಕು. ಟಿಪ್ಪುವಿನ ಕಾಲದಲ್ಲಿ ಇಲ್ಲಿ ಬೇರೂರಿದ ಈ ಕಸುಬು ಬಹುಕಾಲ ಮುಸಲ್ಮಾನ ಕುಟುಂಬಗಳಲ್ಲಿಯೇ ಹೆಚ್ಚಾಗಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು. ಮುಂದೆ ಒಕ್ಕಲಿಗರು ಹಿಪ್ಪುನೇರಳೆಯ ಬೇಸಾಯಕ್ಕೂ ಹುಳುಸಾಕಣೆಗೂ ಇಳಿದಾಗ ಜೀವಹಿಂಸೆಯ ಪ್ರಶ್ನೆಗೆ ಯಾರೂ ಸಿದ್ಧಾಂತದ ಉತ್ತರ ಕೊಟ್ಟಂತಿಲ್ಲ. ಸಾಕಿದವನು ಗೂಡನ್ನು ಜೀವಂತವಾಗಿಯೇ ಮಾರಿದನು. ಕುದಿಯುವ ನೀರು ಪೇಟೆಯ ನೂಲು ಬಿಚ್ಚಾಣಿಕೆದಾರನ ಪಾಲಿಗಾಯಿತು. ಮಾರುಕಟ್ಟೆಯ ಶ್ರಮವಿಭಾಗವು ಮನಸ್ಸಾಕ್ಷಿಯ ಭಾರವನ್ನೂ ಹೀಗೆ ಹಂಚಿತೆಂದು ನಮ್ಮ ಅಭಿಪ್ರಾಯ.

ಆಚಾರವೆಲ್ಲವೂ ವಿಜ್ಞಾನಕ್ಕೆ ಎದುರಾಗಿತ್ತೆಂದು ಭಾವಿಸಬಾರದು. ಹೊರಗಿನವರು ಹುಳುಮನೆಯ ಹೊಸಿಲು ದಾಟಬಾರದೆಂದು ಮನೆಯವರು ದೃಷ್ಟಿಗೆ ಅಂಜಿ ವಿಧಿಸಿದ್ದ ಕಟ್ಟನ್ನೇ ಹೊಸ ವಿಜ್ಞಾನವು ಸೋಂಕಿಗೆ ಅಂಜಿ ವಿಧಿಸಿತು. (ಪರೀಕ್ಷೆಗೆ ಬಂದ ಇಲಾಖೆಯವನೂ ಹೊರಗಿನವನೇ ಎಂಬುದು ಬೇರೆ ಮಾತು.) ಆದರೆ ಸೊಪ್ಪು ಹೆಚ್ಚಿ ಹಗಲಿರುಳು ಹುಳು ಮೇಯಿಸುತ್ತಿದ್ದ ಹೆಂಗಸು ಮುಟ್ಟಾದ ದಿನಗಳಲ್ಲಿ ಒಳಗೆ ಬರಕೂಡದೆಂಬ ನಿಯಮಕ್ಕೆ ಸೂಕ್ಷ್ಮದರ್ಶಕವು ಯಾವ ಆಧಾರವನ್ನೂ ಒದಗಿಸಲಿಲ್ಲ. ರೋಗವಿಲ್ಲದ ಮೊಟ್ಟೆ ಮನೆಮನೆಗೆ ಬಂದ ಮೇಲೆಯೂ ಆ ನಿಯಮವು ಎಷ್ಟೋ ಮನೆಗಳಲ್ಲಿ ಇದ್ದಂತೆಯೇ ಇತ್ತು.